ಅತ್ತೆ ಕಲಿಸಿದ ಮಾತು

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಹೆಂಡತಿಯ ತಾಯ್ನುಡಿಯಲ್ಲಿ ಮೊದಲ ಸಲ ಬಾಯಿಬಿಟ್ಟ: "ಊಟ ಆಯ್ತಾ, ಮಗಳೇ?"

ಶರ್ಟಿಗೆ ಗುಂಡಿ ಹಚ್ಚುತ್ತಿದ್ದವಳ ಕೈ ಅಲ್ಲೇ ನಿಂತಿತು. ಮರುಕ್ಷಣ ನಗು ಉಕ್ಕಿ ಬಂತು. "ರೀ, ಹೆಂಡ್ತೀನ ಯಾರಾದ್ರೂ ಮಗಳೇ ಅಂತಾರಾ? ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಇಷ್ಟು ದಿನ ಕಲಿತಿದ್ದು ಇದೇನಾ?"

"ಮೊಬೈಲು ಕಲ್ಸಿದ್ದು ಸೇಬು ಕೆಂಪಗಿದೆ, ರೈಲು ತಡವಾಗಿದೆ ಅಂತ. ಅದನ್ನ ನಿನ್ನ ಹತ್ರ ಹೇಳಿ ಏನ್ ಮಾಡ್ಲಿ?" ಅವನು ಪೆಚ್ಚಾಗಿ ಅಳತೆ ಟೇಪು ಸುತ್ತತೊಡಗಿದ. "ಇದು ನಿಮ್ಮಮ್ಮ ದಿನಾ ಕೇಳ್ತಿದ್ದಿದ್ದು. ಬಾಯಿಗೆ ಹಾಗೇ ಬಂತು."

ಅವಳು ಯಂತ್ರದ ಮೇಜಿನ ಮೂಲೆ ನೋಡಿದಳು. ಎರಡೂ ಕೈಗೆ ಕೆಲಸವಿರುತ್ತಿದ್ದ ಸಂಜೆಗಳಲ್ಲಿ ಫೋನು ಅಲ್ಲೇ, ದಾರದ ರೀಲಿಗೆ ಒರಗಿಕೊಂಡು, ಅಮ್ಮನ ದನಿಯನ್ನು ಕೋಣೆತುಂಬ ಹರಡುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಭಾಷೆ ಈ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. "ಮಗಳೇ" ಎನ್ನುವಾಗ ಅಮ್ಮ ಎಳೆಯುತ್ತಿದ್ದ ರಾಗವನ್ನೂ ಇವನು ಬಿಟ್ಟಿರಲಿಲ್ಲ.

"ತಪ್ಪಾಯ್ತು ಬಿಡು. ಹೆಂಡ್ತಿಗೆ ಏನನ್ಬೇಕು, ಹೇಳ್ಕೊಡು," ಎಂದ.

ಅವಳು ಹೇಳಿಕೊಡಲಿಲ್ಲ. ದಾರದ ರೀಲನ್ನು ಆ ಮೂಲೆಗೆ ಸರಿಸಿಟ್ಟು, ಸೂಜಿ ಎತ್ತಿಕೊಂಡು, ತನ್ನ ಭಾಷೆಯಲ್ಲೇ ಶುರುಮಾಡಿದಳು: "ಇನ್ನೂ ಇಲ್ಲಮ್ಮಾ. ಇದಿಷ್ಟು ಗುಂಡಿ ಮುಗೀಲಿ ಅಂತ ಕೂತಿದೀನಿ. ಇವತ್ತು ಏನಾಯ್ತು ಗೊತ್ತಾ..."

ಮುಂದಿನದು ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಯಂತ್ರದ ಪೆಡಲಿನಿಂದ ಕಾಲು ತೆಗೆದು, ಅತ್ತೆ ಹೂಂಗುಟ್ಟುತ್ತಿದ್ದ ಹಾಗೆಯೇ ಹೂಂಗುಟ್ಟುತ್ತಾ ಕುಳಿತ.