ಅರ್ಧ ಪಾಪನಿವೇದನೆ

"ಲೂರ್ದಮ್ಮ, ಇವತ್ತೊಂದು ದಿನ ನಿನ್ನ ಪಾಪ ಹೇಳಬ್ಯಾಡ. ಕೈ ಮುಗೀತೀನಿ," ಎಂದು ಬೆರ್ನದಮ್ಮ ಟೀಚರ್ ಆದೆಮ್ಮನ ಮನೆಯ ಬಾಗಿಲಲ್ಲೇ ಅವಳನ್ನು ತಡೆದು ನಿಲ್ಲಿಸಿದರು.

ಚಪ್ಪಲಿ ಬಿಡುತ್ತಿದ್ದ ಲೂರ್ದಮ್ಮ ಒಂದು ಕಾಲಲ್ಲೇ ನಿಂತಳು. "ಯಾಕ್ರೀ ಟೀಚರ? ತಪಸ್ಸು ಕಾಲದಾಗ ಪಾಪ ಹೇಳಬ್ಯಾಡ ಅಂತೀರಲ್ಲ, ಫಾದರ್ ಕೇಳಿದ್ರ ಏನಂದಾರು?"

"ಒಳಗ ನೋಡು. ಗ್ವಾಡಿಗಿ ಒರಗಿ ಕುಂತಾರಲ್ಲ, ರಾಯಚೂರಿನವ್ರು. ಹುಡುಗನ ಸ್ವಾದರತ್ತಿ. ನೇತ್ರಾವತಿನ ನೋಡಾಕ ಬಂದಾರ. ಪ್ರಾರ್ಥನಿ ಅದ ಅಂದ್ರ ನಾನೂ ಕೂಡ್ತೀನಿ ಅಂದ್ರು. ನೀ ಬಾಯಿ ತಗದಿ ಅಂದ್ರ ಈ ಸಂಬಂಧನೂ ಹೋತು."

"ನನ್ನ ಎದಿ ಭಾರ ಇಳೀಬೇಕಲ್ರೀ..."

"ನಾಕು ವರ್ಷದಿಂದ ಇಳಸಾಕತ್ತೀಯವ್ವ. ಇನ್ನೂ ಎಷ್ಟು ಇಳಸ್ತಿ?"

ಮಾನ್ವಿಯ ಆ ಓಣಿಯ ಕ್ರೈಸ್ತ ಹೆಂಗಸರು ಶುಕ್ರವಾರಕ್ಕೊಂದು ಮನೆಯಲ್ಲಿ ಸೇರುತ್ತಾರೆ. ಜಪಸರ ಮುಗಿದ ಮೇಲೆ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚುತ್ತಾರೆ. ಮನಸ್ಸಾದವರು ತಮ್ಮ ತಪ್ಪನ್ನು ಗಟ್ಟಿಯಾಗಿ ಹೇಳಿಕೊಂಡರೆ, ಉಳಿದವರು "ಪ್ರಭುವೇ, ದಯೆ ತೋರಿಸು" ಎಂದು ದನಿಗೂಡಿಸುತ್ತಾರೆ. ಲೂರ್ದಮ್ಮನದು ಒಂದೇ ತಪ್ಪು. ನಾಲ್ಕು ವರ್ಷದ ಹಿಂದೆ, ಶುಭ ಶುಕ್ರವಾರದ ಶಿಲುಬೆಯ ಹಾದಿಯಲ್ಲಿ, ಉಪವಾಸವಿದ್ದ ಆದೆಮ್ಮನ ಮಗಳು ನೇತ್ರಾವತಿ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಮುಂದಿನ ತಿಂಗಳು ಕುರ್ಡಿಯಿಂದ ಹುಡುಗಿಯನ್ನು ನೋಡಲು ಬಂದವರಿಗೆ, ಸ್ವಂತ ದೊಡ್ಡವ್ವನೇ ಆದ ಈ ಲೂರ್ದಮ್ಮ, "ಆ ಹುಡುಗಿಗಿ ಫಿಟ್ಸ್ ಬರ್ತಾವ" ಎಂದುಬಿಟ್ಟಳು. ಆಗ ಲೂರ್ದಮ್ಮನ ಮಗಳಿಗಿನ್ನೂ ಗಂಡು ಗೊತ್ತಾಗಿರಲಿಲ್ಲ. ಬಂದವರು ಚಹಾ ಕುಡಿದು ಹೋದರು, ತಿರುಗಿ ಬರಲಿಲ್ಲ.

ಆಮೇಲೆ ಲೂರ್ದಮ್ಮ ನಿಜವಾಗಿಯೇ ಮರುಗಿದಳು, ಅದರಲ್ಲಿ ಟೀಚರಿಗೆ ಅನುಮಾನವಿಲ್ಲ. ಆದರೆ ಮರುಗಿದ್ದೆಲ್ಲ ದೇವರ ಕಡೆಗೆ. ಪ್ರತಿ ಶುಕ್ರವಾರ ಎದೆ ಬಡಿದುಕೊಂಡು ಅತ್ತು, ಎಲ್ಲವನ್ನೂ ಮೊದಲಿಂದ ಹೇಳಿ, ಹಗುರಾಗಿ ಎದ್ದು, ಚಹಾಕ್ಕೂ ನಿಲ್ಲದೆ ನಡೆದುಬಿಡುವಳು. ಒಂದು ಮೊಳ ಆಚೆ ಕೂತ ನೆಗೆಣ್ಣಿ ಆದೆಮ್ಮನ ಕಡೆ ಒಮ್ಮೆಯೂ ಮುಖ ತಿರುಗಿಸಿದವಳಲ್ಲ. ಓಣಿಯಲ್ಲಿ ಆಡಿದ ಒಂದು ಸುಳ್ಳು ಈ ಪಶ್ಚಾತ್ತಾಪದ ದೆಸೆಯಿಂದ ಬಸ್ ಸ್ಟ್ಯಾಂಡಿನವರೆಗೂ ಹರಡಿತ್ತು. ಆದೆಮ್ಮ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಇವತ್ತೂ ಲೂರ್ದಮ್ಮನಿಗೆ ಮಂಡಿನೋವೆಂದು ಅವಳ ಜಾಗದಲ್ಲಿ ಒಂದು ಕೌದಿ ಮಡಚಿ ಹಾಕಿದ್ದಳು. ಅದನ್ನು ಕಂಡು ಟೀಚರಿಗೆ ಇನ್ನಷ್ಟು ಸಂಕಟವಾಯಿತು.

ಜಪಸರವನ್ನು ಅವರು ಓಡಿಸಿಕೊಂಡು ಮುಗಿಸಿದರು. ಮೌನಕ್ಕೆ ಒಂದು ಉಸಿರಿನಷ್ಟೇ ಸಮಯ ಕೊಟ್ಟು, ಹಾಡೆತ್ತಲು ಬಾಯಿ ತೆರೆದರು. ಅಷ್ಟರಲ್ಲಿ ಬಿಕ್ಕು ಕೇಳಿಸಿತು.

"ಪ್ರಭುವೇ, ನಾ ಮಹಾಪಾಪಿ! ನಮ್ಮ ನೇತ್ರಾವತಿಗಿ ಫಿಟ್ಸ್ ಅದ ಅಂತ ನಾನ..."

"ಪ್ರಭುವೇ, ದಯೆ ತೋರಿಸು!"

ನಾಲ್ಕು ವರ್ಷ ಕೇಳಿ ಕೇಳಿ ಹೆಂಗಸರಿಗೆ ಬಾಯಿಪಾಠವಾಗಿತ್ತು. ಲೂರ್ದಮ್ಮ ಮುಗಿಸುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. "ಸುಳ್ಳು ಹೇಳಿದೆ" ಎಂಬ ಮಾತು ಹತ್ತು ಬಾಯಿಯ ಸದ್ದಿನಲ್ಲಿ ಮುಳುಗಿಹೋಯಿತು.

ರಾಯಚೂರಿನ ಹೆಂಗಸು ಕಣ್ಣು ತೆರೆದರು. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಹುಡುಗಿಯನ್ನು ಒಮ್ಮೆ ನೋಡಿ, ಪಕ್ಕದಲ್ಲಿದ್ದ ಕೈಚೀಲವನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಂಡರು.

"ಯಾರೂ ಏಳಬ್ಯಾಡ್ರಿ!" ಮೂವತ್ತೆರಡು ವರ್ಷ ಮಕ್ಕಳಿಗೆ ಕಲಿಸಿದಾಗಲೂ ಟೀಚರ ದನಿ ಇಷ್ಟು ಏರಿರಲಿಲ್ಲ. "ಲೂರ್ದಮ್ಮ, ಕಣ್ಣ ತಗಿ. ಈ ಕಡಿ ತಿರುಗು. ಪೂರಾ ಹೇಳು, ಇವ್ರಿಗಿ ಹೇಳು."

"ದೇವರಿಗಿ ಹೇಳೀನಲ್ರೀ..."

"ದೇವರಿಗಿ ಅವತ್ತೇ ಗೊತ್ತಾಗ್ಯಾದ! ಗೊತ್ತಿಲ್ಲದವರು ಇವ್ರು. ದೇವರಿಗೂ, ಇಲ್ಲಿ ಕೂಡಿದವರಿಗೂ ಹೇಳ್ತೀನಿ ಅಂತ ಐತವಾರ ಐತವಾರ ಗುಡಿಯಾಗ ಪ್ರಾರ್ಥನಿ ಹೇಳುವಾಗ ಅಂತೀಯಿಲ್ಲ? ಬರೇ ಬಾಯಿಲೆ ಅಂತೀಯೇನು?"

ನಳ ಬಂದ್ ಮಾಡಿದಂತೆ ಲೂರ್ದಮ್ಮನ ಅಳು ನಿಂತಿತು. ಎದೆಯ ಮೇಲಿನ ಕೈ ಅಲ್ಲೇ ಉಳಿಯಿತು. ಕೊನೆಗೆ ಬಂದ ದನಿಯಲ್ಲಿ ಎಂದಿನ ರಾಗವಿರಲಿಲ್ಲ.

"ಸುಳ್ಳು ಹೇಳಿದ್ದೆರೀ ಯವ್ವಾ. ಆ ಹುಡುಗಿಗಿ ಏನೂ ಇಲ್ಲ. ಉಪಾಸ ಇದ್ದಳು, ಬಿಸಿಲಾಗ ಬಿದ್ಲು. ಎತ್ತಿ ನೀರು ಕುಡಿಸಿದಾಕಿ ನಾನ. ಎಲ್ಲಾ ಗೊತ್ತಿದ್ದೂ ಹೇಳಿದೆ." ಆಮೇಲೆ ಪಕ್ಕಕ್ಕೆ ತಿರುಗಿದಳು. "ಆದೆಮ್ಮ..." ಎಂದಳು. ಆದೆಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಈ ಸಲ "ಪ್ರಭುವೇ" ಎನ್ನಲು ಯಾರಿಗೂ ತೋಚಲಿಲ್ಲ.

ರಾಯಚೂರಿನ ಹೆಂಗಸು ಕೈಚೀಲವನ್ನು ಮತ್ತೆ ನೆಲಕ್ಕಿಟ್ಟು, "ಬಾರವ್ವ ಇಲ್ಲಿ," ಎಂದು ನೇತ್ರಾವತಿಯನ್ನು ಕರೆದರು. "ನಮ್ಮೂರಾಗ ಬಿಸಿಲು ಇದಕ್ಕಿಂತ ಕೆಟ್ಟದ. ಛತ್ರಿ ಇಲ್ಲದ ಹೊರಗ ಬಿಡಂಗಿಲ್ಲ ನೋಡು ನಾ."

ಲೂರ್ದಮ್ಮ ರೂಢಿಯಂತೆ ನೆಲಕ್ಕೆ ಕೈಯೂರಿ ಏಳಹೊರಟಳು. "ಕುಂದ್ರು ದೊಡ್ಡವ್ವ," ಎಂದು ನೇತ್ರಾವತಿ ಮೊದಲ ಕಪ್ಪನ್ನು ಬಸಿಯ ಸಮೇತ ಅವಳ ಕೈಗೇ ಕೊಟ್ಟಳು. ನಾಲ್ಕು ವರ್ಷ ಓಣಿಗೆಲ್ಲ ಕೇಳುವಂತೆ ಎದೆ ಬಡಿದುಕೊಂಡ ಆ ಕೈಗೆ ಒಂದು ಕಪ್ಪು ಹಿಡಿಯಲು ಆಗಲಿಲ್ಲ. ಬಸಿಯ ಮೇಲೆ ಅದು ಕಟಕಟ ಸದ್ದು ಮಾಡತೊಡಗಿತು. ಹುಡುಗಿ ಅವಳೆದುರು ಕುಕ್ಕುರಗಾಲಲ್ಲಿ ಕೂತು, ಚಹಾ ಮುಗಿಯುವವರೆಗೂ ಬಸಿಯನ್ನು ಕೆಳಗಿನಿಂದ ಹಿಡಿದೇ ಇದ್ದಳು.