ಕೆಂಪು ಪೆನ್ನು

ನೇತ್ರಾ ಪತ್ರಿಕೆಯೊಂದರಲ್ಲಿ ತರಬೇತಿಗೆ ಸೇರಿದ್ದಳು. ಅವಳು ಏನೇ ಬರೆದರೂ ಸುದ್ದಿ ಸಂಪಾದಕರ ಕೆಂಪು ಪೆನ್ನು ಅರ್ಧಕ್ಕರ್ಧ ಹೊಡೆದುಹಾಕುತ್ತಿತ್ತು.

"ಖ್ಯಾತ, ಅಪ್ರತಿಮ, ಇವೆಲ್ಲ ಯಾಕಮ್ಮ? ನಾವು ಬರೆಯೋದು ಸುದ್ದಿ, ಸನ್ಮಾನ ಪತ್ರ ಅಲ್ಲ."

ವಯಸ್ಸಾದ ದೊಡ್ಡವರ ನಿಧನವಾರ್ತೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಪತ್ರಿಕೆಗಳಲ್ಲಿ ರೂಢಿ.

"ಅಂಥದ್ದೊಂದು ಬರಿ, ಕೈ ಪಳಗುತ್ತೆ. ಯಾರದಾದ್ರೂ ಸರಿ. ಒಂದೇ ಒಂದು ಹೊಗಳಿಕೆ ಕಂಡ್ರೂ ಇನ್ನೊಂದು ತಿಂಗಳು ನಿನಗೆ ತರಕಾರಿ ರೇಟ್ ಬರೆಯೋ ಕೆಲಸವೇ ಗತಿ" ಎಂದರು.

ಸಂಜೆ ಅವಳು ಹಾಳೆಯೊಂದನ್ನು ಅವರ ಮೇಜಿನ ಮೇಲಿಟ್ಟಳು. ಹುಟ್ಟೂರು, ವಯಸ್ಸು, ಮಾಡಿದ ಕೆಲಸ, ಅಷ್ಟೇ. ಅವರು ಓದಿ ಕನ್ನಡಕ ತೆಗೆದರು.

"ಇದು ನಂದಲ್ವೇನಮ್ಮ?"

"ಯಾರದಾದ್ರೂ ಸರಿ ಅಂದಿದ್ರಿ, ಸರ್. ಇಲ್ಲಿ ನನಗೆ ಚೆನ್ನಾಗಿ ಗೊತ್ತಿರೋರು ನೀವೊಬ್ರೇ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಇಟ್ಟು ಹೋಗು, ತಿದ್ದಿ ಕೊಡ್ತೀನಿ."

ಮರುದಿನ ಹಾಳೆ ವಾಪಸು ಬಂತು. ಮೊದಲ ಬಾರಿಗೆ ಒಂದು ಪದವನ್ನೂ ಹೊಡೆದುಹಾಕಿರಲಿಲ್ಲ. 'ಪತ್ರಕರ್ತ ನಿಧನ' ಎಂಬ ಶೀರ್ಷಿಕೆಯ ಆರಂಭದಲ್ಲಿ ಮಾತ್ರ, ಕೆಂಪು ಶಾಯಿಯಲ್ಲಿ, ತುಸು ನಾಚಿದಂಥ ಸಣ್ಣ ಅಕ್ಷರಗಳಲ್ಲಿ, 'ನಾಡಿನ ಅಪ್ರತಿಮ' ಎಂದು ಸೇರಿತ್ತು.