ಇಬ್ಬರಿಗೆ ಒಂದು ಟೆಂಟು

ಗಂಟೆ ಒಂದೂವರೆಯಾಯಿತು. ಅಮ್ಮಣ್ಣಿ ಎಲೆ ಮುಟ್ಟಲಿಲ್ಲ.

ಪೋರೂರಿನ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ನಾಲ್ಕು ಜನ ಬಿಸಿಲಿನಲ್ಲಿ ಕಾಯುತ್ತಿದ್ದರು. ನಾಲ್ವರಿಗೂ ಹಸಿವು. ಅಮ್ಮಣ್ಣಿ ಬಾಯಿಗಿಡದೆ ಉಳಿದವರು ಊಟಕ್ಕೆ ಕೂರುವ ಹಾಗಿರಲಿಲ್ಲ. ಬಾಳೆಲೆಯಲ್ಲಿ ಅನ್ನದ ಪಕ್ಕ ಅವಳಿಗಿಷ್ಟದ ಉದ್ದಿನ ವಡೆ ಒಮ್ಮೆ ಆರಿ, ಚೆನ್ನೈ ಬಿಸಿಲಿಗೆ ಮತ್ತೆ ಬಿಸಿಯಾಗಿತ್ತು.

ಅವಳ ಊಟ ಟೆರೇಸಿಗೆ ಬಂದದ್ದು ಇದೇ ಮೊದಲಲ್ಲ. ಎರಡು ವರ್ಷದಿಂದ ತಟ್ಟೆ ಹಿಡಿದು ಇಲ್ಲಿಗೇ ಹತ್ತಿ ಬರುತ್ತಿದ್ದಳು. ನೀರಿನ ಟ್ಯಾಂಕಿನ ಪಕ್ಕ ನಿಂತರೆ ಕೆರೆ ಕಾಣುತ್ತದೆ. ಅದನ್ನು ನೋಡುತ್ತ ತಿಂದು, ತಟ್ಟೆ ತೊಳೆದು, ಏನೂ ಹೇಳದೆ ಟಿವಿ ಮುಂದೆ ಕೂರುತ್ತಿದ್ದಳು.

ಗಂಡ ಕಮಲಾಕರ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬೋಳುತಲೆ ಕಾದ ಕಾವಲಿಯಾಗಿತ್ತು. ಮೂವತ್ತೆರಡು ವರ್ಷ ವಿಮಾ ಕಂಪನಿಯಲ್ಲಿ ಇದ್ದವನು. ಊರಿಗೆಲ್ಲ ಜೀವವಿಮೆ ಮಾಡಿಸಿದವನಿಗೆ ಜೀವನ ಮಾಡಲು ಮಾತ್ರ ಪುರುಸೊತ್ತಾಗಿರಲಿಲ್ಲ.

ಸತ್ಯಾತ್ಮಾಚಾರ್ಯರು ಇಂಥ ಮುನಿಸನ್ನು ಎಷ್ಟೋ ಮನೆಗಳಲ್ಲಿ ಇಳಿಸಿದ್ದವರು. ಕೋಡಂಬಾಕ್ಕಂನಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದರಿಂದ ಗಡಿಯಾರ ನೋಡಿಕೊಂಡೇ ಸಮಾಧಾನ ಹೇಳುತ್ತಿದ್ದರು.

“ಮನಸ್ಸಲ್ಲಿ ಏನೋ ಇಟ್ಕೊಂಡಿದಾರೆ. ಅದೇನೂಂತ ಬಾಯ್ಬಿಟ್ಟು ಹೇಳಿ, ನಡೆಸಿಕೊಡ್ತೀನಿ ಅನ್ನಿ. ಬರ್ತಾರೆ.”

ಅಮ್ಮಣ್ಣಿಯ ತಂಗಿ ನಾಗರತ್ನಮ್ಮ ತನ್ನ ಕತ್ತು ಮುಟ್ಟಿಕೊಂಡಳು. ಅಮ್ಮಣ್ಣಿ ಸೌಕಾರ್‌ಪೇಟೆಯಲ್ಲಿ ಆಸೆಪಟ್ಟು ಮಾಡಿಸಿದ ಅವಲಕ್ಕಿ ಸರ ಅಲ್ಲಿತ್ತು. ಒಂದು ಮದುವೆಗೆಂದು ಇಸಕೊಂಡದ್ದು. ಆ ದಂಪತಿಯ ಮಗು ಈಗ ಶಾಲೆಗೆ ಹೋಗುತ್ತಿತ್ತು. ಸರ ಬಿಚ್ಚಿ ಅಮ್ಮಣ್ಣಿಯ ಮಗಳು ಸುಮೇಧಾಳ ಕೈಗೆ ಹಾಕಿ, ಟ್ಯಾಂಕಿನ ಕಡೆ ತಿರುಗಿದಳು.

“ಕೊಟ್ಟೆ ಕಣೇ ಅಕ್ಕ. ಕಣ್ಣಾರೆ ನೋಡ್ಕೋ.”

ಏನೂ ಆಗಲಿಲ್ಲ. ದುಡುಕಿಬಿಟ್ಟೆನೇನೋ ಎಂಬಂತೆ ನಾಗರತ್ನಮ್ಮ ಸರವನ್ನೇ ನೋಡುತ್ತ ನಿಂತಳು.

ಸುಮೇಧಾಳ ಸರದಿ. ತಾಯಿ ಕನ್ನಡದಲ್ಲಿ ಕಳಿಸುತ್ತಿದ್ದ ಮೆಸೇಜುಗಳಿಗೆಲ್ಲ ಓದದೆಯೇ ಹೆಬ್ಬೆರಳಿನ ಚಿಹ್ನೆ ಒತ್ತುತ್ತಿದ್ದವಳು.

“ಅಮ್ಮಾ, ನಾನ್ ಕನ್ನಡ ಓದೋಕೆ ಕಲೀತೀನಿ. ಪ್ರಾಮಿಸ್. ನೀನ್ ಕಳ್ಸಿದ್ದೆಲ್ಲಾ ಓದ್ತೀನಿ. ವಾಮ್ಮಾ... ಸಾಪ್ಡುಮ್ಮಾ.”

ಬಾಮ್ಮಾ, ಊಟ ಮಾಡಮ್ಮಾ ಎಂದು ಕೊನೆಗೆ ತಮಿಳಿನಲ್ಲೇ ಕರೆದಳು. ಎಲೆ ಹಾಗೇ ಇತ್ತು.

“ನಂಗೊತ್ತು,” ಎಂದ ಕಮಲಾಕರ. ಎಲ್ಲರೂ ಅವನತ್ತ ತಿರುಗಿದರು.

ಅಮ್ಮಣ್ಣಿಗೆ ಇದ್ದದ್ದು ಒಂದೇ ಹುಚ್ಚು. ಯಾವುದಾದರೂ ರಾಷ್ಟ್ರೀಯ ಉದ್ಯಾನದ ಕೆರೆ ದಂಡೆಯಲ್ಲಿ ಟೆಂಟು ಹಾಕಿ, ಬೆಳಗ್ಗೆ ಎದ್ದು, ಹಲ್ಲುಜ್ಜುವುದಕ್ಕೂ ಮೊದಲು ನೀರು ನೋಡಬೇಕು. ಮದುವೆಯಾದ ವರ್ಷದಿಂದ ಕೇಳುತ್ತಿದ್ದಳು. ಬೇಸಿಗೆಗೆ ಬಿಸಿಲೆಂದ, ಮಳೆಗಾಲಕ್ಕೆ ಜಿಗಣೆ ಎಂದ, ಚಳಿಗಾಲಕ್ಕೆ ಆಡಿಟ್ ಎಂದ. ಎರಡು ವರ್ಷದ ಹಿಂದೆ ಅವಳೇ ಟೆಂಟು ತರಿಸಿ, ತನ್ನ ಫೋನಿನಲ್ಲೇ ಜಾಗ ಬುಕ್ ಮಾಡಿದಳು: ಕೆರೆ ದಂಡೆ, ಏಳನೇ ಜಾಗ, ಇಬ್ಬರಿಗೆ. ಹಾವು, ಆನೆ, ಸೊಂಟನೋವು ಎಲ್ಲವನ್ನೂ ತೂಗಿ ನೋಡಿದ ಕಮಲಾಕರ ಗುಟ್ಟಾಗಿ ಫೋನ್ ಮಾಡಿ ಅದನ್ನು ರದ್ದು ಮಾಡಿಸಿದ. ಆನೆ ಕಾಟವಂತೆ, ಅರಣ್ಯದವರೇ ಮುಚ್ಚಿದ್ದಾರಂತೆ ಎಂದ. ಅಮ್ಮಣ್ಣಿ ಹೌದಾ ಎಂದಳು. ಮತ್ತೆಂದೂ ಕೇಳಲಿಲ್ಲ.

“ಮೊನ್ನೆ ನಿನ್ನ ಫೋನ್ ನೋಡ್ದೆ,” ಎಂದ ಕಮಲಾಕರ, ಎಲೆಯ ಕಡೆ ಮುಖ ಮಾಡಿ. “ನಿಮ್ಮ ಕೋರಿಕೆಯಂತೆ ರದ್ದಾಗಿದೆ ಅನ್ನೋ ಮೆಸೇಜು. ಅವತ್ತೇ ಬಂದಿದೆ. ಅಳಿಸದೆ ಇಟ್ಕೊಂಡಿದೀಯ. ಒಂದ್ಸಲ ಬೈಬಾರದಿತ್ತೇನೇ?”

ಸುಮೇಧಾ ಅಪ್ಪನ ಭುಜ ಹಿಡಿದಳು.

“ಆಯ್ತು, ಕೆರೆಗೆ ಹೋಗೋಣ. ಈ ತಿಂಗಳೊಂದು ಕಳೀಲಿ...” ಎಂದ ಕಮಲಾಕರ.

“ಮತ್ತೆ ಮುಂದಕ್ಕೆ ಹಾಕಿದ್ರಲ್ಲ ಭಾವ,” ಎಂದಳು ನಾಗರತ್ನಮ್ಮ.

ಕಮಲಾಕರ ಎದ್ದು ಕೆಳಗೆ ಹೋದ. ಹತ್ತು ನಿಮಿಷದ ಮೇಲೆ ಟೆಂಟಿನ ಚೀಲ ಹೊತ್ತು ಏದುಸಿರು ಬಿಡುತ್ತ ಬಂದ. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಸೂಚನೆಯ ಕಾಗದದ ಸಣ್ಣಕ್ಷರಗಳನ್ನೂ ಬಿಡದೆ ಓದುವ ಮನುಷ್ಯ ಇವತ್ತು ಅದನ್ನು ಬಿಚ್ಚಲೂ ಇಲ್ಲ. ಕೋಲು ತಪ್ಪಿ ಹಾಕಿದ, ಕಿತ್ತು ಮತ್ತೆ ಹಾಕಿದ. ಗೂಟ ಹೊಡೆಯಲು ಮಣ್ಣಿಲ್ಲ. ಒಂದು ಹಗ್ಗವನ್ನು ಬಟ್ಟೆ ಒಣಹಾಕುವ ಕಂಬಕ್ಕೆ, ಇನ್ನೊಂದನ್ನು ಡಿಶ್ ಆಂಟೆನಾಕ್ಕೆ ಕಟ್ಟಿದ. ಆಚಾರ್ಯರು ಗಡಿಯಾರ ನೋಡುವುದು ಬಿಟ್ಟು, ಬಂದು ಮೂರನೆಯ ಹಗ್ಗ ಹಿಡಿದರು.

ಕೆರೆ ಕಡೆ ಬಾಗಿಲಾಗಿ, ಒಂದು ಕಡೆ ವಾಲಿಕೊಂಡು, ನೀಲಿ ಟೆಂಟು ನಿಂತಿತು. ಕಮಲಾಕರ ಎಲೆಯನ್ನು ಬಾಗಿಲಿಗೆ ಸರಿಸಿದ. ಒಳಗೆ ತೂರಿ ಒಂದು ಮಗ್ಗುಲಿಗೆ ಸರಿದು ಮಲಗಿದ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಿದ್ದ.

“ಬಾ,” ಎಂದ ಮೆಲ್ಲಗೆ. “ನೀರು ಕಾಣತ್ತೆ ಕಣೇ.”

ಯಾರೂ ಮಿಸುಕಲಿಲ್ಲ. ದೂರದಲ್ಲಿ ಕೆರೆ ಹೊಳೆಯುತ್ತಿತ್ತು.

ಟ್ಯಾಂಕಿನ ಮೇಲಿಂದ ಒಂದು ಕಾಗೆ ಇಳಿದು ಬಂತು; ಕುಪ್ಪಳಿಸುತ್ತ ಟೆಂಟಿನೊಳಗೊಮ್ಮೆ ಇಣುಕಿ, ಹತ್ತನೆಯ ದಿನದ ಪಿಂಡಕ್ಕೆ ಕೊಕ್ಕು ಹಾಕಿ, ಪೋರೂರು ಕೆರೆಯ ಕಡೆ ಹಾರಿಹೋಯಿತು.